ಮೂರ್ಛೆರೋಗದ ಮಕ್ಕಳಿಗೆ ‘ವಿಜಯಾ’ ಎಣ್ಣೆ: ಕೊಳ್ಳುವ ಮುನ್ನ ಸೀಸೆಯ ಹಿಂಬದಿ ಓದಿ

ಮನೆಯಲ್ಲಿ ಫಿಟ್ಸ್ ಇರುವ ಮಗುವಿದ್ದರೆ ಇದನ್ನು ಪೂರ್ತಿ ಓದಿ. ಆ ಕಾಯಿಲೆಯ ಬಗ್ಗೆ ಮೊಬೈಲಿನಲ್ಲಿ ಒಮ್ಮೆ ಹುಡುಕಿದರೆ ಸಾಕು, ಗಾಂಜಾ ಗಿಡದ ಎಣ್ಣೆಯ ಜಾಹೀರಾತುಗಳು ಬೆನ್ನು ಹತ್ತುತ್ತವೆ. ಗಾಂಜಾಕ್ಕೆ ಆಯುರ್ವೇದದಲ್ಲಿರುವ ‘ವಿಜಯಾ’ ಎಂಬ ಹೆಸರು, ಪರವಾನಗಿ ಸಂಖ್ಯೆ, ಅಮೆರಿಕದ ಸಂಶೋಧನೆ ಎಲ್ಲವೂ ಒಂದೇ ಪುಟದಲ್ಲಿ. ನಮ್ಮ ಅಕ್ಕನ ಮನೆಗೂ ಆ ಎಣ್ಣೆ ಬಂದದ್ದು ಹೀಗೆಯೇ.

ಅಕ್ಕನ ಮಗಳಿಗೆ ಲೆನಾಕ್ಸ್-ಗ್ಯಾಸ್ಟೋ ಸಿಂಡ್ರೋಮ್. ಔಷಧಿಗೆ ಸುಲಭವಾಗಿ ಬಗ್ಗದ ಫಿಟ್ಸ್ ಕಾಯಿಲೆ ಅದು. ನಿಂತಲ್ಲೇ ಕುಸಿದು ಬೀಳುವುದರಿಂದ ಮನೆಯೊಳಗೂ ಹೆಲ್ಮೆಟ್ ಹಾಕಿರುತ್ತಾರೆ. ವ್ಯಾಲ್ಪ್ರೋಯೇಟ್, ಕ್ಲೋಬಾಜಾಮ್ ಎಂಬ ಫಿಟ್ಸ್ ಔಷಧಿಗಳೆರಡೂ ನಡೆಯುತ್ತಿದ್ದವು. ಕಂಪನಿಯ ‘ವೈದ್ಯರ ಸಮಾಲೋಚನೆ’ ಎಂದರೆ ಒಂದು ಫೋನ್ ಕರೆ. ವಯಸ್ಸು, ತೂಕ ಕೇಳಿದರು. ಬೇರೆ ಏನು ಔಷಧಿ ಕೊಡುತ್ತಿದ್ದೀರಿ ಎಂದು ಕೇಳಲಿಲ್ಲ. ಅಕ್ಕನೇ ಹೇಳಹೊರಟರೆ, “ಗಿಡಮೂಲಿಕೆ ಮೇಡಂ, ಯಾವುದರ ಜೊತೆಗೂ ಕೊಡಬಹುದು” ಎಂದರು.

ಇದು ಹಸಿ ಸುಳ್ಳು. ಗಾಂಜಾ ಗಿಡದಲ್ಲಿರುವ, ಅಮಲೇರಿಸದ ‘ಸಿಬಿಡಿ’ ಎಂಬ ಅಂಶ, ಕ್ಲೋಬಾಜಾಮ್ ದೇಹದಲ್ಲಿ ಮಾರ್ಪಟ್ಟು ಉಂಟಾಗುವ ಸಕ್ರಿಯ ಅಂಶವನ್ನು ರಕ್ತದಲ್ಲಿ ಏರಿಸಿ ಮಂಪರು ತರುತ್ತದೆ. ವ್ಯಾಲ್ಪ್ರೋಯೇಟ್ ಜೊತೆಗೆ ಕೊಟ್ಟಾಗ ಲಿವರ್ ಕಿಣ್ವಗಳು ಏರುವ ಅಪಾಯ ಹೆಚ್ಚು. ಶುದ್ಧೀಕರಿಸಿದ ಸಿಬಿಡಿ ಔಷಧಿ ಕೊಡುವ ವೈದ್ಯರು ಆರಂಭಿಸುವ ಮೊದಲು, ಆಮೇಲೆ ಕೂಡ ಲಿವರ್ ಪರೀಕ್ಷೆ ಮಾಡಿಸುವುದು ಈ ಕಾರಣಕ್ಕೇ.

ಸಂಶೋಧನೆ ನಿಜವಾದದ್ದೇ, ನನ್ನ ತಕರಾರು ಅದರ ಮೇಲಲ್ಲ. ಎಪಿಡಿಯೋಲೆಕ್ಸ್ ಎಂಬ ಸಿಬಿಡಿ ಔಷಧಿಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಅದೂ ಇದೇ ಕಾಯಿಲೆಗೆ ಮತ್ತು ಡ್ರಾವೆ ಸಿಂಡ್ರೋಮ್ ಎಂಬ ಇನ್ನೊಂದು ಫಿಟ್ಸ್ ಕಾಯಿಲೆಗೆ. 225 ರೋಗಿಗಳ ಒಂದು ಪ್ರಯೋಗದಲ್ಲಿ, ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 10 ಮಿ.ಗ್ರಾಂ ಪಡೆದವರಲ್ಲಿ ಕುಸಿದು ಬೀಳುವ ಫಿಟ್ಸ್ ಸುಮಾರು ಶೇ 37ರಷ್ಟು ಇಳಿದವು. ಬರೀ ಹುಸಿಮದ್ದು ಪಡೆದವರಲ್ಲಿ ಶೇ 17ರಷ್ಟು. ಉಪಯೋಗವಿದೆ, ಪವಾಡವಲ್ಲ. ಈಗ ಲೆಕ್ಕ ಹಾಕಿ. 24 ಕಿಲೋ ತೂಕದ ಮಗುವಿಗೆ ದಿನಕ್ಕೆ 240 ಮಿ.ಗ್ರಾಂ ಸಿಬಿಡಿ ಬೇಕು. ನಮಗೆ ಬಂದ 30 ಮಿ.ಲೀ. ಸೀಸೆಯ ಮುಂದೆ ‘1000 ಮಿ.ಗ್ರಾಂ’ ಎಂದು ದಪ್ಪಕ್ಷರದಲ್ಲಿತ್ತು. ಅಷ್ಟೂ ಸಿಬಿಡಿಯೇ ಎಂದುಕೊಂಡರೂ ನಾಲ್ಕು ದಿನಕ್ಕೆ ಸೀಸೆ ಖಾಲಿ. ಅವರು ಹೇಳಿದ್ದು ಹೊತ್ತಿಗೆ ಐದು ಹನಿ.

ಆ ಸಾವಿರ ಸಿಬಿಡಿಯೂ ಅಲ್ಲ. ಹಿಂಬದಿಯಲ್ಲಿ ಇದ್ದದ್ದು ‘ವಿಜಯಾ ಪತ್ರ ಸತ್ವ, ತಿಲ ತೈಲ’, ಅಂದರೆ ಗಾಂಜಾ ಎಲೆಯ ಸಾರ ಮತ್ತು ಎಳ್ಳೆಣ್ಣೆ. ಸತ್ವದಲ್ಲಿ ಸಿಬಿಡಿ ಎಷ್ಟು, ಅಮಲೇರಿಸುವ ಟಿಎಚ್‌ಸಿ ಎಷ್ಟು ಎಂಬುದಿಲ್ಲ. ‘ವೈದ್ಯರ ಮೇಲ್ವಿಚಾರಣೆಯಲ್ಲಿ ಸೇವಿಸಿ’ ಎಂಬ ಎಚ್ಚರಿಕೆ ಇಂಗ್ಲಿಷ್, ಹಿಂದಿಯಲ್ಲಿ, ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣದಾಗಿ. ಫಿಟ್ಸ್ ಎಂಬ ಮಾತು ಎಲ್ಲಿಯೂ ಇಲ್ಲ. ‘ನರಗಳ ನೆಮ್ಮದಿಗೆ’ ಅಷ್ಟೇ. ಫಿಟ್ಸ್ ವಾಸಿಯಾಗುತ್ತದೆ ಎಂಬ ಭರವಸೆಯೆಲ್ಲ ಫೋನಿನಲ್ಲಿ. 1954ರ ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆ ಅಪಸ್ಮಾರ ಗುಣಪಡಿಸುತ್ತೇವೆಂಬ ಜಾಹೀರಾತನ್ನು ನಿಷೇಧಿಸಿದೆ, ಅದು ಅವರಿಗೆ ಚೆನ್ನಾಗಿ ಗೊತ್ತು.

ಕಂಪನಿಯ ಸಲಹೆಗಾರ್ತಿ ವಾರವಾರ ಕರೆ ಮಾಡಿ ಹನಿ ಏರಿಸಿದರು. ಮಗು ತುತ್ತು ಬಾಯಲ್ಲಿಟ್ಟುಕೊಂಡೇ ತೂಕಡಿಸತೊಡಗಿತು, ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾಗದು. “ದೇಹ ಹೊಂದಿಕೊಳ್ಳುತ್ತಿದೆ” ಎಂದರು. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. “ಇಂಗ್ಲಿಷ್ ಔಷಧಿ ಅರ್ಧಕ್ಕೆ ಇಳಿಸಿ, ಆಗಲೇ ನಮ್ಮದರ ಗುಣ ತಿಳಿಯುವುದು” ಎಂದೂ ಹೇಳಿದರು. ವ್ಯಾಲ್ಪ್ರೋಯೇಟ್ ಇಳಿಸಿದ ಮೇಲೆ ಒಂದು ನಸುಕಿನಲ್ಲಿ ಬಂದ ಫಿಟ್ಸ್ ನಿಲ್ಲಲೇ ಇಲ್ಲ. ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇಗೂ ಜಗ್ಗಲಿಲ್ಲ. ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಅಲ್ಲಿನ ವೈದ್ಯರು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಫಿಟ್ಸ್ ಉಲ್ಬಣಿಸಿದ್ದು ಔಷಧಿ ತಟ್ಟನೆ ಇಳಿಸಿದ್ದರಿಂದ ಎಂದರು; ಮಂಪರು ಯಾವುದರಿಂದ ಎಂದು ಹೇಳಲು ಸೀಸೆಯಲ್ಲಿ ಏನಿದೆಯೆಂದೇ ತಿಳಿಯದು. ಈಗ ಮಗು ಮನೆಯಲ್ಲಿದೆ, ಹಳೆಯ ಔಷಧಿಗಳ ಮೇಲಿದೆ.

ಲೇಬಲ್ ಮೇಲೆ ಅಂಕಿ ಇದ್ದರೂ ತಟ್ಟನೆ ನಂಬಬೇಡಿ. ಅಮೆರಿಕದಲ್ಲಿ ಆನ್‌ಲೈನ್‌ನಲ್ಲಿ ಕೊಂಡ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ವರದಿ ಮಾಡಿದಾಗ, ಲೇಬಲ್‌ಗೆ ಸರಿಹೊಂದಿದ್ದು 26 ಮಾತ್ರ. 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು. ನಮ್ಮಲ್ಲಿ ಮಾದಕವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ ಗಾಂಜಾ ವ್ಯಾಖ್ಯೆಯಿಂದ ಹೂತುದಿ ಇಲ್ಲದ ಬರೀ ಎಲೆ ಹೊರಗಿದೆ. ‘ಪತ್ರ’ ಎಂದು ಕಂಪನಿಯವರು ಒತ್ತಿ ಬರೆಯುವುದು ಕಾನೂನಿನ ಆ ಬಾಗಿಲಿಗಾಗಿ. ಆಯುಷ್ ಪರವಾನಗಿ ಇದ್ದರೆ ತಯಾರಿಸಲು ಅನುಮತಿ ಇದೆ ಎಂದಷ್ಟೇ ಅರ್ಥ. ನಿಮ್ಮ ಮಗುವಿನ ಫಿಟ್ಸ್ ಮೇಲೆ ಪರೀಕ್ಷೆಯಾಗಿದೆ ಎಂದಲ್ಲ.

ಔಷಧಿಗೆ ಫಿಟ್ಸ್ ಬಗ್ಗುತ್ತಿಲ್ಲವೆಂದಾದರೆ ನಿಮ್ಹಾನ್ಸ್‌ನಂಥ ಕಡೆ ಕೀಟೋಜೆನಿಕ್ ಆಹಾರ (ಕೊಬ್ಬು ಹೆಚ್ಚು, ಪಿಷ್ಟ ತೀರಾ ಕಡಿಮೆ ಇರುವ ಪಥ್ಯ), ಶಸ್ತ್ರಚಿಕಿತ್ಸೆಯ ಸಾಧ್ಯತೆಗಳ ಬಗ್ಗೆ ವಿಚಾರಿಸಿ; ಸಿಬಿಡಿ ಬೇಕೇ ಎಂಬುದನ್ನೂ ನರರೋಗ ತಜ್ಞರಲ್ಲೇ ಕೇಳಿ. ಈಗಾಗಲೇ ಎಣ್ಣೆ ಕೊಡುತ್ತಿರುವವರು ಗಾಬರಿಯಿಂದ ಏನನ್ನೂ ಸ್ವಂತಕ್ಕೆ ಏರಿಸಿ ಇಳಿಸಬೇಡಿ. ಸೀಸೆ, ರಟ್ಟಿನ ಪೆಟ್ಟಿಗೆ, ಬಿಲ್, ವಾಟ್ಸ್‌ಆ್ಯಪ್ ಚೀಟಿ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ವೈದ್ಯರ ಬಳಿ ಹೋಗಿ. ತೊಂದರೆಯಾಗಿದ್ದರೆ ಆಯುಷ್ ಸಚಿವಾಲಯದ ‘ಆಯುಷ್ ಸುರಕ್ಷಾ’ ಜಾಲತಾಣದಲ್ಲಿ ಬ್ಯಾಚ್ ಸಂಖ್ಯೆ ಸಹಿತ ದೂರು ದಾಖಲಿಸಿ. ಕಂಪನಿಗೇ ಬರೆದು ಪ್ರಯೋಜನವಿಲ್ಲ: ನಮ್ಮ ದೂರಿಗೆ ಬಂದ ಉತ್ತರ, ಮುಂದಿನ ಸೀಸೆಯ ಮೇಲೆ ರಿಯಾಯಿತಿ ಕೂಪನ್.