ಕನ್ನಂಬಾಡಿ ಹಿನ್ನೀರಿನ ಹಾಯಿದೋಣಿಗೆ ಪಿಚ್ 6ರ ಪ್ರೊಪೆಲ್ಲರ್: ಮೂರು ವರ್ಷದ ಬಳಕೆಯ ಅನುಭವ

ನನ್ನ ಹದಿನೇಳು ಅಡಿಯ ಹಾಯಿದೋಣಿಗೆ 6 ಅಶ್ವಶಕ್ತಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಎಂದರೆ ದೋಣಿಯ ಹಿಂಭಾಗಕ್ಕೆ ಹೊರಗಿನಿಂದ ಕಟ್ಟುವ ಎಂಜಿನ್, ಇದೆ. ಅದರ ಪ್ರೊಪೆಲ್ಲರನ್ನು ಬದಲಾಯಿಸಿ ಈ ಮೇ ತಿಂಗಳಿಗೆ ಮೂರು ವರ್ಷ ತುಂಬಿತು. ತೆಗೆದದ್ದು ಎಂಜಿನ್ನಿನ ಜೊತೆಗೇ ಬಂದಿದ್ದ ಪಿಚ್ 8ರದ್ದು (ಪಿಚ್ ಎಂದರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗುವ ದೂರ, ಇಂಚಿನಲ್ಲಿ). ಹಾಕಿದ್ದು ಅದೇ ತಯಾರಕರು ಭಾರದ ದೋಣಿಗಳಿಗೆಂದು ಮಾಡುವ, ಅಗಲ ರೆಕ್ಕೆಗಳ, ಪಿಚ್ 6ರ ಅಲ್ಯೂಮಿನಿಯಂ ಪ್ರೊಪೆಲ್ಲರ್. ವ್ಯಾಸ ಎರಡಕ್ಕೂ ಹೆಚ್ಚುಕಡಿಮೆ 8 ಇಂಚು. ಕೊರಿಯರ್ ವೆಚ್ಚವೂ ಸೇರಿ ನನಗೆ 7,500 ರೂಪಾಯಿ ತಗುಲಿತು. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ, ಅಣೆಕಟ್ಟೆಯಿಂದ ದೂರದಲ್ಲಿ, ಬಹುತೇಕ ವಾರಕ್ಕೊಮ್ಮೆ ಬಳಸಿದ ಮೇಲೆ ಬರೆಯುತ್ತಿರುವ ವಿಮರ್ಶೆಯಿದು.

ಹಳೆಯದು ಹಾಳಾದದ್ದು ನನ್ನ ಆತುರದಿಂದ. ಬೇಸಿಗೆಯ ಕೊನೆಯಲ್ಲಿ ಜಲಾಶಯದ ಮಟ್ಟ ಪೂರ್ಣ ಮಟ್ಟವಾದ 124.80 ಅಡಿಗಿಂತ ಬಹಳ ಕೆಳಗಿಳಿದಾಗ, ಒಂದು ಕಾಲದಲ್ಲಿ ಹೊಲವೂ ತೋಪೂ ಆಗಿದ್ದ ನೆಲ ನೀರಿನ ಹತ್ತಿರಕ್ಕೆ ಬಂದುಬಿಡುತ್ತದೆ. ಹೊಸ ಕನ್ನಂಬಾಡಿಯ ಕಡೆಗೆ ಹೊರಟಿದ್ದ ನನ್ನನ್ನು ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದ ಒಬ್ಬರು ಕೂಗಿ ತಡೆದರು: "ಅಲ್ಲಿಗ್ ಹೋಗ್ಬ್ಯಾಡಿ ಸಾಮಿ, ನೀರೊಳ್ಗೆ ಬೊಡ್ಡೆ ಅವೆ." ನಾನು ಎಂಜಿನ್ ನಿಲ್ಲಿಸುವ ಮೊದಲೇ ಏಟು ಬಿತ್ತು. ಒಂದು ರೆಕ್ಕೆಯ ತುದಿಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಲೋಹ ಹಾರಿಹೋಗಿತ್ತು, ಇನ್ನೊಂದು ಸೊಟ್ಟಗಾಗಿತ್ತು. ಬನ್ನಿಮಂಟಪದ ಒಂದು ಲೇತ್ ಅಂಗಡಿಯಲ್ಲಿ ವೆಲ್ಡಿಂಗ್ ಮಾಡಿಸಿ ಅರ ಹಾಕಿಸಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ರೆಕ್ಕೆಗಳ ತೂಕ ಸಮವಾಗದೆ, ಚುಕ್ಕಾಣಿ ಹಿಡಿದ ಕೈ ಜೋಮು ಹಿಡಿಯುವಷ್ಟು ನಡುಕ ಬರುತ್ತಿತ್ತು. ಆ ನಡುಕ ಕೆಳಗಿನ ಗೇರ್ ಪೆಟ್ಟಿಗೆಯ ಬೇರಿಂಗನ್ನೂ ಆಯಿಲ್ ಸೀಲನ್ನೂ ತಿನ್ನುತ್ತದೆ; ಹೊಸ ಪ್ರೊಪೆಲ್ಲರಿಗಿಂತ ಅವುಗಳ ರಿಪೇರಿಯೇ ದುಬಾರಿ.

ಮೊದಲ ಸಲ ತರಿಸಿದ್ದು ವ್ಯರ್ಥವಾಯಿತು. ಮಾರಾಟಗಾರರೊಬ್ಬರು ಅಶ್ವಶಕ್ತಿ ಎಷ್ಟೆಂದು ಮಾತ್ರ ಕೇಳಿ, "ಕೂರುತ್ತೆ ಸರ್, ಯೋಚನೆ ಮಾಡಬೇಡಿ" ಎಂದು ಕಳಿಸಿದ್ದು ನನ್ನ ಶಾಫ್ಟಿನ ಮೇಲೆ ಕೂರಲೇ ಇಲ್ಲ, ವಾಪಸು ತೆಗೆದುಕೊಳ್ಳಲು ಅವರು ಒಪ್ಪಲೂ ಇಲ್ಲ. ಶಾಫ್ಟಿನ ಮೇಲಿನ ಹಲ್ಲುಗಳ ಸಂಖ್ಯೆ ಒಂದೇ ಒಂದು ವ್ಯತ್ಯಾಸವಾದರೂ ಪ್ರೊಪೆಲ್ಲರ್ ಹೊಂದುವುದಿಲ್ಲ. ಆದ್ದರಿಂದ ಕೊಳ್ಳುವವರು ಎಂಜಿನ್ನಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡು, ಹಲ್ಲುಗಳನ್ನು ತಾವೇ ಎಣಿಸಿ, ಹಳೆಯದರ ಗುಬ್ಬದ (ರೆಕ್ಕೆಗಳು ಸೇರುವ ನಡುಭಾಗದ) ಮೇಲೆ ಅಥವಾ ರೆಕ್ಕೆಯ ಬುಡದಲ್ಲಿ ಅಚ್ಚಾಗಿರುವ ಎರಡು ಅಂಕಿಗಳನ್ನು, ಎಂದರೆ ಇಂಚಿನಲ್ಲಿರುವ ವ್ಯಾಸ ಮತ್ತು ಪಿಚ್ಚನ್ನು, ಓದಿ ಇಟ್ಟುಕೊಳ್ಳಬೇಕು.

ನಿಜವಾದ ಆಯ್ಕೆ ಇರುವುದು ಪಿಚ್ಚಿನಲ್ಲಿ. ಜಾರದೆ ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಎಷ್ಟು ಮುಂದೆ ಹೋಗುತ್ತದೋ ಅದೇ ಪಿಚ್. ಮೊಳೆಗೂ ಸ್ಕ್ರೂಗೂ ಇರುವ ವ್ಯತ್ಯಾಸ ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿ, ಗೇರಿನಲ್ಲಿ ಅದು ಸುಮಾರು ಅರ್ಧಕ್ಕೆ ಇಳಿದರೆ, ಪಿಚ್ 8ರ ಪ್ರೊಪೆಲ್ಲರ್ ಲೆಕ್ಕದಲ್ಲಿ ಗಂಟೆಗೆ 30 ಕಿಲೋಮೀಟರ್ ಓಡಬೇಕು. ಆದರೆ ನೀರನ್ನು ಸೀಳಿಕೊಂಡು ಹೋಗುವ ಹಾಯಿದೋಣಿಗೆ ತನ್ನದೇ ಒಂದು ಮಿತಿ ಇದೆ: ನೀರಿನ ಮಟ್ಟದಲ್ಲಿ ದೋಣಿಯ ಉದ್ದವನ್ನು ಅಡಿಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ಗಳಲ್ಲಿ ಸಿಗುತ್ತದೆ. ನನ್ನ ದೋಣಿಗೆ ಆ ಉದ್ದ 15 ಅಡಿ, ಮಿತಿ 5.2 ನಾಟ್, ಎಂದರೆ ಗಂಟೆಗೆ ಒಂಬತ್ತೂವರೆ ಕಿಲೋಮೀಟರಿಗಿಂತ ತುಸು ಹೆಚ್ಚು. ಹಗುರ ರಬ್ಬರ್ ದೋಣಿಯನ್ನು ನೀರಿನ ಮೇಲೆ ಹಾರಿಸಲು ಕೊಟ್ಟ ಪಿಚ್ 8 ಇಂತಹ ದೋಣಿಯನ್ನು ತಳ್ಳಲು ಹೊರಟರೆ, ಟಾಪ್ ಗೇರಿನಲ್ಲಿ ಚಾಮುಂಡಿ ಬೆಟ್ಟ ಹತ್ತುವ ಸ್ಕೂಟರಿನಂತೆ ಎಂಜಿನ್ ತಿಣುಕುತ್ತದೆ.

ನಮ್ಮ ಊರಿಗೆ ಇನ್ನೊಂದು ಕಾರಣವೂ ಸೇರುತ್ತದೆ, ಅದನ್ನು ಕರಾವಳಿಯ ಅಂಗಡಿಯವರು ಗಮನಿಸುವುದು ಕಡಿಮೆ. ಈ ಜಲಾಶಯ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ಎಂಜಿನ್ನಿನ ಶಕ್ತಿ ಶೇಕಡಾ 3ರಷ್ಟು ಕುಗ್ಗುತ್ತದೆಂಬ ರೂಢಿಯ ಲೆಕ್ಕ ಹಿಡಿದರೆ, ಮಲ್ಪೆಯಲ್ಲಿ ಸರಿಹೊಂದಿದ ಪ್ರೊಪೆಲ್ಲರ್ ಇಲ್ಲಿ ಒಂದಿಷ್ಟು ಭಾರವಾಗಿಯೇ ಎಳೆಯುತ್ತದೆ. ಎಂಜಿನ್ನಿನ ಸುತ್ತು ಎಣಿಸುವ, ಪ್ಲಗ್ಗಿನ ವಯರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಕಟ್ಟಿ, ಮೂರು ಜನರನ್ನು ಕೂರಿಸಿಕೊಂಡು, ಪೂರ್ತಿ ಥ್ರಾಟಲ್ ಕೊಟ್ಟು ನೋಡಿದಾಗ ಹಳೆಯದರಲ್ಲಿ ಎಂಜಿನ್ 4,300 ಸುತ್ತು ದಾಟುತ್ತಿರಲಿಲ್ಲ. ಕೈಪಿಡಿ ಕೇಳುವುದು 5,000ದಿಂದ 6,000. ಹೊಸದು ಅದೇ ಭಾರದಲ್ಲಿ 5,200 ತೋರಿಸಿತು. ದೋಣಿ ಖಾಲಿ ಇರುವಾಗ ಮಾಡಿದ ಪರೀಕ್ಷೆ ದಾರಿ ತಪ್ಪಿಸುತ್ತದೆ, ಆದ್ದರಿಂದ ಯಾವಾಗಲೂ ಓಡಾಡುವ ಭಾರವನ್ನೇ ಹೊತ್ತು ಅಳೆಯುವುದು ಮುಖ್ಯ.

ಗರಿಷ್ಠ ವೇಗ ಹೆಚ್ಚೇನೂ ಬದಲಾಗಲಿಲ್ಲ, ಬದಲಾದದ್ದು ಹಿಡಿತ. ಆಷಾಢದ ಗಾಳಿ ಪಡುವಣದಿಂದ ನೂಕುವಾಗ ಮೀನಾಕ್ಷಿಪುರದ ಕಡೆಯಿಂದ ಎದುರುಗಾಳಿಗೆ ಹೊರಡುವುದು ಮೊದಲು ನನಗೆ ಭಯದ ಕೆಲಸವಾಗಿತ್ತು. ದೋಣಿ ಮುಂದೆ ಸಾಗುವ ಮೊದಲೇ ಗಾಳಿ ಅದರ ಮೂತಿಯನ್ನು ದಡಕ್ಕೆ ತಿರುಗಿಸಿಬಿಡುತ್ತಿತ್ತು. ಈಗ ಗೇರ್ ಹಾಕಿದ ಕೂಡಲೇ ಹಿಂಭಾಗ ನೀರಿಗೆ ಒತ್ತಿಕೊಂಡು, ಎರಡು ಮೂರು ಮಾರು ಸಾಗುವಷ್ಟರಲ್ಲಿ ಚುಕ್ಕಾಣಿ ಮಾತು ಕೇಳತೊಡಗುತ್ತದೆ. ಕಾಲು ಭಾಗ ಥ್ರಾಟಲಿನಲ್ಲಿಯೇ ನಿಧಾನವಾಗಿ ದಡಕ್ಕೆ ತರಬಹುದು ಎನ್ನುವುದನ್ನು ನಾನು ಇದರ ದೊಡ್ಡ ಗುಣವೆಂದು ಎಣಿಸುತ್ತೇನೆ. ಪೆಟ್ರೋಲಿನಲ್ಲಿ ಗಮನಕ್ಕೆ ಬರುವ ಉಳಿತಾಯವಿಲ್ಲ.

ಕೊರತೆಗಳೂ ಇವೆ. ರಿವರ್ಸಿನಲ್ಲಿ ಹಿಡಿತ ಈಗಲೂ ಕಡಿಮೆ, ಏಕೆಂದರೆ ಗುಬ್ಬದ ಮಧ್ಯದಿಂದ ಹೊರಬರುವ ಹೊಗೆ ಹಿಂದೆ ಸರಿಯುವಾಗ ರೆಕ್ಕೆಗಳಿಗೇ ನುಗ್ಗುತ್ತದೆ. ಅಲೆ ಎದ್ದಾಗ ದೋಣಿಯ ಹಿಂಭಾಗ ಮೇಲೆದ್ದು ರೆಕ್ಕೆಗಳು ಗಾಳಿ ಹಿಡಿದರೆ ಎಂಜಿನ್ ಕಿರುಚುತ್ತದೆ. ಇದಕ್ಕೆ ಮದ್ದು ಪ್ರೊಪೆಲ್ಲರ್ ಅಲ್ಲ, ಪ್ರೊಪೆಲ್ಲರನ್ನು ನೀರಿನಲ್ಲಿ ಇನ್ನಷ್ಟು ಆಳಕ್ಕೆ ಇಳಿಸುವ, 20 ಇಂಚಿನ ಉದ್ದ ಕಾಲಿನ ಎಂಜಿನ್. ಅಗಲ ರೆಕ್ಕೆಗಳಿಗೆ ಜೊಂಡು ಬೇಗ ಸುತ್ತಿಕೊಳ್ಳುತ್ತದೆ. ಹಾಯಿ ಬಿಚ್ಚಿದ ಮೇಲೆ ಎಂಜಿನ್ನನ್ನು ಎತ್ತಿಡದಿದ್ದರೆ ಇವು ನೀರನ್ನು ಹಿಡಿದು ದೋಣಿಯನ್ನು ಹಿಂದಕ್ಕೆ ಎಳೆಯುವುದೂ ಹೆಚ್ಚು. ಸ್ಟೇನ್‌ಲೆಸ್ ಸ್ಟೀಲಿನದ್ದು ಏಕೆ ಕೊಳ್ಳಲಿಲ್ಲವೆಂದು ಕೆಲವರು ಕೇಳಿದ್ದಾರೆ. ಇಲ್ಲಿ ಉಪ್ಪುನೀರಿನ ಕಾಟವಿಲ್ಲ, ಮೇಲಾಗಿ ಬೊಡ್ಡೆಗೆ ತಾಗಿದಾಗ ಅಲ್ಯೂಮಿನಿಯಂ ರೆಕ್ಕೆ ತಾನು ಬಾಗಿ ಗೇರನ್ನು ಉಳಿಸುತ್ತದೆ.

ನಿರ್ವಹಣೆಯಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಎರಡನೆಯ ವರ್ಷ, ನಟ್ ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ಕಿತ್ತು, ನಟ್ ಬಿಚ್ಚಿ ಪ್ರೊಪೆಲ್ಲರ್ ಹೊರತೆಗೆದಾಗ, ಅದರ ಹಿಂದಿನ ಶಾಫ್ಟಿಗೆ ಮೀನುಬಲೆಯ ನೈಲಾನ್ ದಾರ ಬಿಗಿಯಾಗಿ ಸುತ್ತಿ, ಬಿಸಿಗೆ ಕರಗಿ, ಹಸಿರು ಬಳೆಯಂತೆ ಗಟ್ಟಿಯಾಗಿ ಕೂತಿತ್ತು. ಬ್ಲೇಡಿನಿಂದ ಅದನ್ನು ಸೀಳಿ ತೆಗೆದ ಮೇಲೆ ಸೀಲಿನ ಅಂಚಿನಲ್ಲಿ ಕೂದಲೆಳೆಯಷ್ಟು ಗೀರು ಕಂಡಿತು. ಗೇರ್ ಆಯಿಲ್ ಇನ್ನೂ ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಆದ್ದರಿಂದ ನೀರು ಒಳಗೆ ಹೋಗಿಲ್ಲವೆಂದು ತಿಳಿಯಿತು. ಸೀಲನ್ನು ಆ ವಾರವೇ ಬದಲಾಯಿಸಿದೆ. ಅಂದಿನಿಂದ ತಿಂಗಳಿಗೊಮ್ಮೆ ಬಿಚ್ಚಿ, ಹಲ್ಲುಗಳಿಗೆ ಗ್ರೀಸ್ ಸವರಿ, ಹೊಸ ಕಾಟರ್ ಪಿನ್ ಹಾಕುತ್ತಿದ್ದೇನೆ.

ಮೂರು ವರ್ಷದ ನಂತರ ಮುಂದಿನ ಅಂಚುಗಳಲ್ಲಿ ಬಣ್ಣ ಹೋಗಿದೆ, ಒಂದು ರೆಕ್ಕೆಯಲ್ಲಿ ಅರದಿಂದ ತಿದ್ದಿದ ಸಣ್ಣ ಕಚ್ಚು ಇದೆ, ನಡುಕವಿಲ್ಲ. ಈ ಬೇಸಿಗೆಯಲ್ಲಿ ಇದೇ ಅಳತೆಯ ಇನ್ನೊಂದನ್ನು ತರಿಸಿ, ಒಂದು ನಟ್ ಮತ್ತು ನಾಲ್ಕು ಪಿನ್‌ಗಳ ಜೊತೆ ದೋಣಿಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ.