ಹಿರಿಯರ ಪ್ರವಾಸ ವಿಮೆ: ಪಿ.ಜೆ. ಬಡಾವಣೆಯ ಒಂದು ಸಲಹಾ ಕಚೇರಿಯ ಸೇವೆ

ಅಮೆರಿಕದಲ್ಲಿರುವ ಅಣ್ಣನ ಮನೆಗೆ ಹೊರಟ ನಮ್ಮ ತಂದೆ-ತಾಯಿಯ ಪ್ರವಾಸ ವಿಮೆಯನ್ನು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಒಂದು ಸಣ್ಣ ಸಲಹಾ ಕಚೇರಿಯ ಮೂಲಕ ಮಾಡಿಸಿದೆವು. ಮೊಬೈಲಿನಲ್ಲೇ ಪಾಲಿಸಿ ಸಿಗುವ ಕಾಲದಲ್ಲಿ ಕಚೇರಿಯ ಮೆಟ್ಟಿಲು ಹತ್ತುವುದೇಕೆ ಎಂದು ಕೇಳುವವರಿದ್ದಾರೆ. ಎಪ್ಪತ್ತರ ಆಸುಪಾಸಿನವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಿಗೆ, ಕೂತು ವಿವರಿಸುವ ಒಬ್ಬ ಮನುಷ್ಯ ಬೇಕೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿನ ಸಲಹೆಗಾರರು ಪ್ರೀಮಿಯಂ ಲೆಕ್ಕಕ್ಕೆ ಇಳಿಯುವ ಮೊದಲು ಕೇಳಿದ್ದು, "ಯಜಮಾನ್ರು ದಿನಾ ಯಾವ ಯಾವ ಮಾತ್ರೆ ತಗೋತಾರೆ?" ಎಂದು. ಈ ಕಚೇರಿಯ ಬಗ್ಗೆ ನನಗೆ ಗೌರವ ಮೂಡಿದ್ದು ಅಲ್ಲಿಯೇ. ನಮ್ಮ ದೇಶದ ಬಹುತೇಕ ಪ್ರವಾಸ ಪಾಲಿಸಿಗಳು ಮೊದಲೇ ಇರುವ ಕಾಯಿಲೆಗೆ ಹಣ ಕೊಡುವುದಿಲ್ಲ. ಕೊಟ್ಟರೂ ಜೀವಕ್ಕೆ ಅಪಾಯವಾಗುವಂಥ ತುರ್ತಿನಲ್ಲಿ ಮಾತ್ರ, ಅದೂ ಮಿತಿಯೊಳಗೆ. ಪ್ರೀಮಿಯಂ ಉಳಿಸಲೆಂದು ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಿರಸ್ಕೃತವಾಗಲು ಅದೊಂದೇ ಸಾಕು. ಇದನ್ನು ಅವರು ತಂದೆಯವರ ಎದುರಿನಲ್ಲೇ ಬಿಡಿಸಿ ಹೇಳಿದ್ದರಿಂದ, "ಬಿ.ಪಿ. ಏನು ದೊಡ್ಡ ಕಾಯಿಲೆಯೇ, ಬರೆಯುವುದು ಬೇಡ" ಎನ್ನುತ್ತಿದ್ದ ತಂದೆಯವರು ತಾವಾಗಿಯೇ ಎಲ್ಲವನ್ನೂ ಬರೆಸಿದರು.

ಅಮೆರಿಕದ ಕಂಪನಿಗಳು ಅಲ್ಲಿಗೆ ಬರುವ ಪ್ರವಾಸಿಗರಿಗೆಂದೇ ಮಾರುವ ಪಾಲಿಸಿಗಳನ್ನೂ ಅವರು ಪಕ್ಕದಲ್ಲಿಟ್ಟು ಹೋಲಿಸಿದರು. ಅವುಗಳಲ್ಲಿ ಒಂದು ಬಗೆಯವು ಪ್ರತಿ ಚಿಕಿತ್ಸೆಗೂ ಇಂತಿಷ್ಟೇ ಎಂದು ನಿಗದಿಯಾದ ಮೊತ್ತ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಉಳಿದ ಬಿಲ್ ಎಷ್ಟೇ ಆಗಲಿ, ಅದು ನಮ್ಮ ತಲೆಯ ಮೇಲೆ. ಇನ್ನೊಂದು ಬಗೆಯವು, ಡಿಡಕ್ಟಿಬಲ್ ಎನ್ನುವ ಮೊದಲ ಪಾಲನ್ನು ನಾವು ಕಟ್ಟಿದ ಮೇಲೆ, ವಿಮಾ ಮೊತ್ತದ ಮಿತಿಯವರೆಗೆ ಬಿಲ್ಲಿನ ಹೆಚ್ಚಿನ ಭಾಗವನ್ನು ಭರಿಸುತ್ತವೆ. ಅಗ್ಗವೆಂದು ಮೊದಲ ಬಗೆಯದನ್ನು ಕೊಳ್ಳುವವರಿದ್ದಾರೆ. ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದಾಗ ಹಣ ಕೊಡುವ ಪಾಲಿಸಿಗಳೂ ಇವೆ. ಆದರೆ ಹಲವು ಕಡೆ 24 ಗಂಟೆಯೊಳಗೆ ಚಿಕಿತ್ಸೆ ಪಡೆದಿರಬೇಕೆಂಬ ಷರತ್ತೂ ವಯಸ್ಸಿನ ಮಿತಿಯೂ ಇರುತ್ತವೆ. ಪ್ರವಾಸಿ ವೀಸಾಕ್ಕೆ ಅಮೆರಿಕ ವಿಮೆಯನ್ನು ಕಡ್ಡಾಯ ಮಾಡಿಲ್ಲ. ಅಲ್ಲಿನ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ನಮ್ಮವರಿಗೆ ಅನ್ವಯಿಸುವುದಿಲ್ಲ, ನಮ್ಮ ಆಯುಷ್ಮಾನ್ ಕಾರ್ಡಾಗಲಿ ಯಶಸ್ವಿನಿಯಾಗಲಿ ಅಲ್ಲಿ ನಡೆಯುವುದಿಲ್ಲ. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ಷೆಂಗೆನ್ ದೇಶಗಳ ವೀಸಾಕ್ಕಾದರೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ.

ಕೊರತೆಗಳೂ ಇವೆ. ಡಿಡಕ್ಟಿಬಲ್ ಹೆಚ್ಚಿಸಿದರೆ ಪ್ರೀಮಿಯಂ ಇಳಿಯುತ್ತದೆ ಎಂದು ಒತ್ತಿ ಹೇಳಿದರೇ ಹೊರತು, ಆಸ್ಪತ್ರೆಗೆ ಹೋದಾಗ ಅದು ಎಷ್ಟು ಡಾಲರಿನ ಹೊರೆಯಾಗುತ್ತದೆ ಎಂಬುದನ್ನು ನಾವೇ ಕೇಳಿ ತಿಳಿಯಬೇಕಾಯಿತು. ಪಾಲಿಸಿಯ ಷರತ್ತುಗಳೆಲ್ಲ ಇಂಗ್ಲಿಷಿನಲ್ಲಿವೆ. ಸಹಾಯವಾಣಿಯ ಸಂಖ್ಯೆ, ಪಾಲಿಸಿ ಸಂಖ್ಯೆ, ಮೊದಲು ಯಾರಿಗೆ ಕರೆ ಮಾಡಬೇಕು ಎಂಬಷ್ಟನ್ನಾದರೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರೆ ಅಮ್ಮನಿಗೆ ಎಷ್ಟೋ ಧೈರ್ಯ ಬರುತ್ತಿತ್ತು. ಕೊನೆಗೆ ಆ ಹಾಳೆಯನ್ನು ನಾನೇ ಬರೆದು ಇಬ್ಬರ ಪಾಸ್‌ಪೋರ್ಟಿನೊಳಗೂ ಇಟ್ಟೆ.

ಆರೋಗ್ಯದ ಸಿದ್ಧತೆಯ ಬಗ್ಗೆ ಕಚೇರಿ ಏನನ್ನೂ ಹೇಳುವುದಿಲ್ಲ. ಆ ಮಾತುಗಳು ನಮಗೆ ಸಿಕ್ಕಿದ್ದು ಮನೆಯ ವೈದ್ಯರಿಂದ: ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಅಂಗಡಿಯ ಪ್ಯಾಕಿನಲ್ಲೇ ಒಯ್ಯಬೇಕು; ಔಷಧ ಚೀಟಿಯಲ್ಲಿ ಕಂಪನಿಯ ಹೆಸರಿನ ಜೊತೆಗೆ ಔಷಧದ ಮೂಲ ಹೆಸರನ್ನೂ ಬರೆಸಿಕೊಳ್ಳಬೇಕು; ವಿಮಾನದ ಕೆಳಭಾಗದಲ್ಲಿ ಸಾಮಾನು ಇಡುವ ಜಾಗದಲ್ಲಿ ಹೆಪ್ಪುಗಟ್ಟಿ ಕೆಡಬಹುದಾದ್ದರಿಂದ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು; ಹಗಲು-ರಾತ್ರಿ ಬದಲಾಗುವ ಪ್ರಯಾಣದಲ್ಲಿ ಅದರ ಪ್ರಮಾಣ, ಸಮಯಗಳನ್ನು ಹೊರಡುವ ಮೊದಲೇ ನಿರ್ಧರಿಸಿಕೊಳ್ಳಬೇಕು; ಗಂಟೆಗಟ್ಟಲೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಆಗಾಗ ಎದ್ದು ಓಡಾಡಬೇಕು. ವಿಮೆ ಮಾಡಿಸುವ ಕಚೇರಿಯಲ್ಲೇ ಇವನ್ನು ಹೇಳುವ ವ್ಯವಸ್ಥೆಯಿದ್ದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ಇಷ್ಟಾದರೂ ತಂದೆ-ತಾಯಿಯನ್ನು ಕಳಿಸುವ ಮನೆಯವರಿಗೆ ಈ ಕಚೇರಿಯನ್ನು ನಾನು ಸಂಕೋಚವಿಲ್ಲದೆ ಸೂಚಿಸುತ್ತೇನೆ. ಹೋಗುವಾಗ ಹಿರಿಯರನ್ನೂ ಅವರ ಔಷಧ ಚೀಟಿಗಳನ್ನೂ ಜೊತೆಗೆ ಕರೆದೊಯ್ಯಿರಿ. ಹಣ ಕಟ್ಟುವ ಮೊದಲು ಯಾವುದಕ್ಕೆ ವಿಮೆ ಅನ್ವಯಿಸುವುದಿಲ್ಲ ಎಂಬ ಭಾಗವನ್ನು ಓದಿಸಿಕೊಳ್ಳಿರಿ. ಅಲ್ಲಿ ಉಳಿಯುವ ದಿನಗಳು ಹೆಚ್ಚಾಗುವ ಸಾಧ್ಯತೆಯಿದ್ದರೆ, ಅವಧಿ ಮುಗಿಯುವ ಮೊದಲೇ ಪಾಲಿಸಿಯನ್ನು ವಿಸ್ತರಿಸಲು ಅವಕಾಶವಿದೆಯೇ ಎಂಬುದನ್ನು ಇಲ್ಲೇ ಕೇಳಿ ತಿಳಿದುಕೊಳ್ಳಿರಿ.