ಅವಸರ ಮಾಡಿಸದ ವಧು-ವರ ಮಾಹಿತಿ ಕೇಂದ್ರ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಿವೃತ್ತ ಮೇಷ್ಟರೊಬ್ಬರು ನಡೆಸುತ್ತಿರುವ ಸಣ್ಣ ವಧು-ವರ ಮಾಹಿತಿ ಕೇಂದ್ರದಲ್ಲಿ ಕಳೆದ ವರ್ಷ ನನ್ನ ಮಗನ ಜಾತಕವನ್ನು ನೋಂದಾಯಿಸಿದೆ. ಮದುವೆ ಇನ್ನೂ ನಿಶ್ಚಯವಾಗಿಲ್ಲ. ಆದರೂ ಈ ಕೇಂದ್ರದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇದೆ.

ಅಡಿಕೆ ತೋಟ ನೋಡಿಕೊಂಡು ಊರಿನಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟವೆಂದು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಕಷ್ಟವನ್ನೇ ಬಂಡವಾಳ ಮಾಡಿಕೊಂಡು, ‘ಈ ವಾರ ಹಣ ಕಟ್ಟಿದರೆ ರಿಯಾಯಿತಿ, ತಡಮಾಡಿದರೆ ಹುಡುಗಿ ಕೈತಪ್ಪುತ್ತಾಳೆ’ ಎಂದು ದಿನವೂ ಫೋನು ಮಾಡುವ ಸೇವೆಗಳನ್ನೂ ಕಂಡಿದ್ದೇನೆ. ಇಲ್ಲಿ ಶುಲ್ಕ ಒಂದೇ ಸಲ, ಆಮೇಲೆ ಹಣದ ಮಾತಿಲ್ಲ. ಮೇಷ್ಟರ ಉದ್ದನೆಯ ರಿಜಿಸ್ಟರಿನಲ್ಲಿ ಹುಡುಗನ ಒಪ್ಪಿಗೆಗೆ ಒಂದು ಕಾಲಂ, ಹುಡುಗಿಯ ಒಪ್ಪಿಗೆಗೆ ಇನ್ನೊಂದು ಕಾಲಂ ಇದ್ದು, ಇಬ್ಬರೂ ಪ್ರತ್ಯೇಕವಾಗಿ ಕುಳಿತು ಮಾತನಾಡುವವರೆಗೆ ಹೆತ್ತವರು ಎಷ್ಟು ಒತ್ತಾಯಿಸಿದರೂ ಅವರು ಅಲ್ಲಿ ಪೆನ್ನು ಇಡುವುದಿಲ್ಲ.

ಗುರುಬಲದ ವಿಷಯದಲ್ಲಿ ಅವರ ನಿಲುವು ನನಗೆ ಬಹಳ ಹಿಡಿಸಿತು. ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ಜನ್ಮರಾಶಿಯಿಂದ 2, 5, 7, 9, 11ನೆಯ ಮನೆಗಳಲ್ಲಿದ್ದಾಗ ಮದುವೆಗೆ ಬಲವಿದೆಯೆಂದು ಲೆಕ್ಕ. ಕಾಲ ಕೂಡಿಬರಲಿ ಎಂದು ಕಾಯಲು ಹಿರಿಯರು ಮಾಡಿಟ್ಟ ಈ ಲೆಕ್ಕವನ್ನೇ ಹಿಡಿದು, ನಮ್ಮ ನೆಂಟರು ಇಲ್ಲಿ ಬಂದ ಒಂದು ಸಂಬಂಧಕ್ಕೆ ‘ಗುರುಬಲ ಮುಗಿಯುವುದರೊಳಗೆ ಹೂಂ ಎನ್ನಿ’ ಎಂದು ಮಗನ ಬೆನ್ನು ಹತ್ತಿದ್ದರು. ಆ ಸಂಬಂಧದಲ್ಲಿ 36 ಗುಣಗಳಿಗೆ 27 ಕೂಡಿದ್ದವು ನಿಜ. ಆದರೆ ಹುಡುಗಿಗೆ ತೋಟದ ಮನೆಗೆ ಬರಲು ಮನಸ್ಸಿರಲಿಲ್ಲ. ನಮ್ಮ ತಾಯಿ ಊರ ದೇವಿಯಲ್ಲಿ ಪ್ರಸಾದ ಕೇಳಿದಾಗ ಹೂವು ಎಡಕ್ಕೆ ಬಿತ್ತು, ಅಂದರೆ ಬೇಡವೆಂದು. ‘ಇನ್ನೊಮ್ಮೆ ಕೇಳಿ ನೋಡಿ’ ಎಂದರು ಅತ್ತಿಗೆ! ದೇವಿಗೂ ಒತ್ತಡ ತಪ್ಪಲಿಲ್ಲ.

ಮೇಷ್ಟರು ಹೇಳಿದ್ದು ಇಷ್ಟೇ: “ಋಣಾನುಬಂಧ ಇದ್ದರೆ ನೀವು ತಡ ಮಾಡಿದರೂ ತಪ್ಪುವುದಿಲ್ಲ ಮಾರಾಯ್ರೇ. ಇಲ್ಲದಿದ್ದರೆ ನಾನು ಅವಸರ ಮಾಡಿ ಕಟ್ಟಿಸುವುದೂ ಬೇಡ.” ಅನಂತರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದ ಹುಡುಗಿಯ ಜಾತಕವನ್ನು ಮಡಚಿ, ಅವಳ ತಂದೆಗೆ ತಲುಪಿಸಲು ಲಕೋಟೆಗೆ ಹಾಕಿದರು. ದೈವವನ್ನು ನಂಬುತ್ತೇವೆ ಎನ್ನುವವರು ಅನೇಕರಿದ್ದಾರೆ; ಆ ನಂಬಿಕೆಯಿಂದ ತಮ್ಮ ವ್ಯವಹಾರಕ್ಕೆ ನಷ್ಟವಾದರೂ ಅದರಂತೆ ನಡೆದವರನ್ನು ನಾನು ಕಂಡಿದ್ದು ಕಡಿಮೆ.

ಕೊರತೆಗಳೂ ಇವೆ. ಕೆಲವು ಫೋಟೋಗಳು ತೀರ ಹಳೆಯವು, ಮದುವೆಯಾದವರ ಹೆಸರನ್ನು ಕೂಡಲೇ ತೆಗೆಯುವುದಿಲ್ಲ, ಫೋನು ಎತ್ತುವುದೂ ಅಪರೂಪ. ಕಾಯುವ ತಾಳ್ಮೆಯಿದ್ದವರೂ ಇಂಥ ವಿಳಂಬವನ್ನು ದೇವರ ಲೆಕ್ಕಕ್ಕೆ ಬರೆಯಬೇಕಾಗಿಲ್ಲ; ಒಬ್ಬ ಸಹಾಯಕರನ್ನು ಇಟ್ಟುಕೊಂಡರೆ ಸರಿಹೋಗುತ್ತದೆ. ಹೋಗುವವರು ಜಾತಕದ ಎರಡು ಜೆರಾಕ್ಸ್ ಪ್ರತಿಗಳನ್ನು ಒಯ್ಯಿರಿ; ಸಾಧ್ಯವಾದರೆ ಮಗನನ್ನೋ ಮಗಳನ್ನೋ ಜೊತೆಗೇ ಕರೆದುಕೊಂಡು ಹೋಗಿ, ಮೇಷ್ಟರು ಮೊದಲು ಮಾತನಾಡಿಸುವುದು ಅವರನ್ನೇ.